ಅಮ್ಮನ ತಟ್ಟೆಯಲ್ಲಿ ಏನಿತ್ತು

"ಇವರು ದಿನಕ್ಕೆ ತರಕಾರಿ ಎಷ್ಟು ತಿನ್ನುತ್ತಾರೆ?"

ಆಸ್ಪತ್ರೆಯ ಆಹಾರ ತಜ್ಞೆ ಕೇಳಿದ್ದು ಇಷ್ಟೇ. ಕ್ಯಾನ್ಸರ್ ಎಂದು ಅಮ್ಮನ ದೊಡ್ಡ ಕರುಳಿನ ಬಲಭಾಗವನ್ನು ತೆಗೆದು ಆರು ದಿನವಾಗಿತ್ತು. ಮರುದಿನ ಮನೆಗೆ ಕಳುಹಿಸುವವರಿದ್ದರು. ಏನು ಕೊಡಬೇಕು, ಏನು ಕೊಡಬಾರದು ಎಂದು ಹೇಳಲು ಬಂದಿದ್ದ ಆ ಹುಡುಗಿಯ ಕೈಯಲ್ಲಿ ಒಂದು ಮುದ್ರಿತ ಹಾಳೆಯಿತ್ತು. ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದ ಅಪ್ಪ, "ನಾವು ಶುದ್ಧ ಸಸ್ಯಾಹಾರಿಗಳಮ್ಮ" ಎಂದರು. ಆ ಮಾತಿನಲ್ಲಿ ಉತ್ತರಕ್ಕಿಂತ ದೂರೇ ಹೆಚ್ಚಾಗಿತ್ತು. ಮೊಟ್ಟೆಯನ್ನೂ ಮುಟ್ಟದ ಮನೆಗೆ ಈ ಕಾಯಿಲೆ ಹೇಗೆ ಬಂತು ಎಂದು ಅವರು ಹದಿನೈದು ದಿನದಿಂದ ಸಿಕ್ಕವರನ್ನೆಲ್ಲ ಕೇಳುತ್ತಿದ್ದರು. "ಅದು ಸರಿ ಸರ್, ತರಕಾರಿ ಎಷ್ಟು ತಿನ್ನುತ್ತಾರೆ?" ಎಂದು ಅವಳು ಮತ್ತೆ ಕೇಳಿದಳು. ಅಪ್ಪ ನನ್ನ ಮುಖ ನೋಡಿದರು. ನಾನು ತಂಗಿಯ ಮುಖ ನೋಡಿದೆ. "ದಿನವೂ ಹುಳಿ ಇರುತ್ತದೆ, ಪಲ್ಯ ಇರುತ್ತದೆ" ಎಂದಳು ತಂಗಿ. "ಮನೆಯಲ್ಲಿ ಮಾಡುವುದಲ್ಲ, ಇವರ ತಟ್ಟೆಗೆ ಎಷ್ಟು ಬೀಳುತ್ತದೆ?" ಮೂವರಿಗೂ ಗೊತ್ತಿರಲಿಲ್ಲ. ಅಮ್ಮ ಕಣ್ಣು ಮುಚ್ಚಿ ಮಲಗಿದ್ದರು, ನಿದ್ದೆ ಬಂದಿದೆ ಎಂದುಕೊಂಡಿದ್ದೆವು. ಕಣ್ಣು ತೆರೆಯದೆಯೇ, "ಉಳಿದಿದ್ದರೆ ತಿನ್ನುತ್ತೇನೆ" ಎಂದರು.

ಆರು ವರ್ಷವಾಯಿತು. ಆ ಹುಡುಗಿ ಹಾಳೆಯ ಮೇಲೆ ಏನು ಬರೆದುಕೊಂಡಳೋ ನನಗೆ ತಿಳಿಯದು. ಆ ಮಾತು ಮಾತ್ರ ನನ್ನನ್ನು ಬಿಟ್ಟಿಲ್ಲ. ನನ್ನ ನಲವತ್ತು ವರ್ಷಗಳಲ್ಲಿ ಅಮ್ಮ ಬಡಿಸಿದ್ದನ್ನು ಸಾವಿರಾರು ಸಲ ಉಂಡಿದ್ದೇನೆ. ಒಮ್ಮೆಯೂ ಅವರ ತಟ್ಟೆಯನ್ನು ನೋಡಿರಲಿಲ್ಲ. ಅಪ್ಪ, ನಾನು, ತಂಗಿ, ಬಂದವರಿದ್ದರೆ ಬಂದವರು, ಎಲ್ಲರೂ ಎದ್ದ ಮೇಲೆ ಅವರು ಅಡುಗೆಮನೆಯಲ್ಲಿಯೇ ಕುಳಿತು ಉಣ್ಣುತ್ತಿದ್ದರು. ಅಷ್ಟು ಹೊತ್ತಿಗೆ ಹುರುಳಿಕಾಯಿ ಪಲ್ಯದ ಬಾಂಡಲೆಯಲ್ಲಿ ಸಾಸಿವೆ, ಕರಿಬೇವು ಉಳಿದಿರುತ್ತಿದ್ದವು. ಹುಳಿಯಲ್ಲಿ ಹೋಳು ಮುಗಿದು ತಿಳಿ ಉಳಿದಿರುತ್ತಿತ್ತು. ಅನ್ನ ಮಾತ್ರ ಯಾವತ್ತೂ ಮಿಗುತ್ತಿತ್ತು. ಆ ಅನ್ನ, ಆ ತಿಳಿ, ಮೇಲೆ ಮಜ್ಜಿಗೆ, ಉಪ್ಪಿನಕಾಯಿ. ಇದು ಅಮ್ಮನ ಊಟ. ನಮ್ಮ ಮನೆಯಲ್ಲಿ ಸಸ್ಯಾಹಾರ ಎಂದರೆ ಇದೂ ಆಗಿತ್ತು.

ಕಾಯಿಲೆ ಪತ್ತೆಯಾದ ಬಗೆಯನ್ನೂ ಹೇಳಬೇಕು, ಯಾರಿಗಾದರೂ ಉಪಯೋಗವಾದೀತು. ಅಮ್ಮನಿಗೆ ಹೊಟ್ಟೆನೋವಿರಲಿಲ್ಲ, ಮಲದಲ್ಲಿ ಕಣ್ಣಿಗೆ ಕಾಣುವ ರಕ್ತವಿರಲಿಲ್ಲ. ಸುಸ್ತು ಎನ್ನುತ್ತಿದ್ದರು, ಮೆಟ್ಟಿಲು ಹತ್ತಿದರೆ ಏದುಸಿರು. ಹಿಮೋಗ್ಲೋಬಿನ್ ಕಡಿಮೆ ಇದೆ ಎಂದು ಒಬ್ಬ ವೈದ್ಯರು ಎಂಟು ತಿಂಗಳು ಕಬ್ಬಿಣದ ಮಾತ್ರೆ ಕೊಟ್ಟರು. ಹೆಂಗಸರಿಗೆ ರಕ್ತಹೀನತೆ ಸಹಜ ಎಂಬುದು ನಮ್ಮೆಲ್ಲರ ತಲೆಯಲ್ಲಿಯೂ ಕುಳಿತಿದ್ದುದರಿಂದ ನಾವೂ ಏನೂ ಕೇಳಲಿಲ್ಲ. ಬೇರೊಬ್ಬ ವೈದ್ಯರು ಮಾತ್ರ, "ಮುಟ್ಟು ನಿಂತು ಹದಿನೈದು ವರ್ಷವಾದವರಲ್ಲಿ ಕಬ್ಬಿಣದಂಶ ಇಷ್ಟು ಇಳಿದಿದೆ ಎಂದರೆ ರಕ್ತ ಎಲ್ಲಿಯೋ ಸೋರುತ್ತಿರಬೇಕಲ್ಲ" ಎಂದು ಮಲಪರೀಕ್ಷೆ, ಆಮೇಲೆ ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಕೊಲೊನೊಸ್ಕೊಪಿ ಬರೆದುಕೊಟ್ಟರು. ದೊಡ್ಡ ಕರುಳಿನ ಬಲಭಾಗದ ಗೆಡ್ಡೆಗಳು ಹೀಗೆಯೇ ಸದ್ದಿಲ್ಲದೆ, ತೊಟ್ಟುತೊಟ್ಟಾಗಿ ರಕ್ತ ಕಳೆಯುತ್ತವೆ.

ಊಟ ಬಲ್ಲವರು

ಅಮ್ಮನನ್ನು ನೋಡಲು ಬಂದ ನೆಂಟರಲ್ಲಿ ಒಬ್ಬರು ಕಿತ್ತಳೆ ಹಣ್ಣಿನ ಚೀಲವನ್ನು ಮೇಜಿನ ಮೇಲಿಟ್ಟು, "ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೂ ನನಗೆ ಅವರನ್ನು ಎದ್ದು ಹೋಗಿ ಎನ್ನುವಷ್ಟು ಸಿಟ್ಟು ಬಂದಿತ್ತು. ಅಪ್ಪನಿಗೆ ಬದನೆಕಾಯಿ ತಿಂದರೆ ಮೈ ಕೆರೆಯುತ್ತದೆ, ನನಗೆ ಹಾಗಲಕಾಯಿ ಗೊಜ್ಜಿಗೆ ಬೆಲ್ಲ ಮುಂದಿರಬೇಕು, ತಂಗಿ ಪರೀಕ್ಷೆಯ ದಿನ ಏನನ್ನೂ ತಿನ್ನುವುದಿಲ್ಲ, ಅವಳಿಗೆ ಮೊಸರನ್ನ ಕಲಸಿ ಬಾಯಿಗಿಡಬೇಕು. ಇದೆಲ್ಲವೂ ಅಮ್ಮನಿಗೆ ಗೊತ್ತಿತ್ತು. ಆ ಮನೆಯಲ್ಲಿ ಊಟ ಬಲ್ಲವರು ಅವರೊಬ್ಬರೇ ಆಗಿದ್ದರು. ರೋಗ ಬಂದದ್ದೂ ಅವರಿಗೇ.

ಹಾಗಾಗಿ ಊಟಕ್ಕೂ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಹುಡುಕಿ ಓದತೊಡಗಿದಾಗ ನನ್ನೊಳಗೆ ಒಂದು ಭಯವಿತ್ತು. ತರಕಾರಿ ತಿಂದಿದ್ದರೆ ಇದು ಬರುತ್ತಲೇ ಇರಲಿಲ್ಲ ಎಂದು ಯಾರಾದರೂ ಖಚಿತವಾಗಿ ಹೇಳಿಬಿಟ್ಟರೆ ನಾವು ಆ ಭಾರವನ್ನು ಹೊರುವುದು ಹೇಗೆ? ಹಾಗೆ ಯಾರೂ ಹೇಳುವುದಿಲ್ಲ. ಯುರೋಪಿನ 10 ದೇಶಗಳ ಸುಮಾರು 4 ಲಕ್ಷ 78 ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸಿದ ಎಪಿಕ್ ಅಧ್ಯಯನ 2010ರಲ್ಲಿ ಒಂದು ಲೆಕ್ಕ ಕೊಟ್ಟಿತು. ದಿನಕ್ಕೆ 200 ಗ್ರಾಂ ಹಣ್ಣು ತರಕಾರಿ ಹೆಚ್ಚು ತಿನ್ನುವವರಲ್ಲಿ ಎಲ್ಲ ಬಗೆಯ ಕ್ಯಾನ್ಸರ್‌ಗಳನ್ನು ಸೇರಿಸಿ ನೋಡಿದರೆ ಅಪಾಯ ಶೇ. 3ರಷ್ಟು ಕಡಿಮೆ. ಅಷ್ಟೇ. ಇದನ್ನು ಓದಿದಾಗ ನಿರಾಶೆಯೂ ಆಯಿತು, ಎದೆಯ ಮೇಲಿನ ಕಲ್ಲು ಇಳಿದಂತೆಯೂ ಆಯಿತು. ಲಕ್ಷಾಂತರ ಜನರ ಮೇಲೆ ಹರಡಿದರೆ ಶೇ. 3 ಎಂದರೂ ಸಾವಿರಾರು ಮನೆಗಳು ಉಳಿದಂತೆ. ಆದರೆ ಅದೇ ಲೆಕ್ಕವನ್ನು ಹಿಡಿದು ಒಬ್ಬ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು, ನೀನು ಸರಿಯಾಗಿ ಉಣ್ಣಲಿಲ್ಲ ಎನ್ನುವ ಅಧಿಕಾರ ಯಾರಿಗೂ ಇಲ್ಲ. ವಯಸ್ಸು, ವಂಶವಾಹಿ, ಜೀವಕೋಶ ಒಡೆಯುವಾಗ ಆಗುವ ಆಕಸ್ಮಿಕ ತಪ್ಪು, ಇವು ಯಾವ ಅಡುಗೆಮನೆಯ ಮಾತನ್ನೂ ಕೇಳುವುದಿಲ್ಲ.

ದೊಡ್ಡ ಕರುಳಿನ ವಿಷಯಕ್ಕೆ ಬಂದರೆ ಆಧಾರ ಇನ್ನಷ್ಟು ಗಟ್ಟಿಯಾಗಿದೆ. ಅಲ್ಲಿ ಮುಖ್ಯವಾಗುವುದು ನಾರು. 25 ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ ದಿನದ ಊಟದಲ್ಲಿ 10 ಗ್ರಾಂ ನಾರು ಹೆಚ್ಚಾದರೆ ಈ ಕ್ಯಾನ್ಸರಿನ ಅಪಾಯ ಸುಮಾರು ಶೇ. 10ರಷ್ಟು ಇಳಿಯುತ್ತದೆ. ಕಾರಣವೂ ಸಾಕಷ್ಟು ತಿಳಿದಿದೆ. ನಮ್ಮ ಜಠರ, ಸಣ್ಣ ಕರುಳು ಅರಗಿಸಲಾರದ ನಾರು ದೊಡ್ಡ ಕರುಳನ್ನು ತಲುಪಿದಾಗ ಅಲ್ಲಿನ ಬ್ಯಾಕ್ಟೀರಿಯಗಳು ಅದನ್ನು ಹುದುಗಿಸುತ್ತವೆ. ಆಗ ಹುಟ್ಟುವ ಬ್ಯುಟಿರೇಟ್ ಎಂಬ ವಸ್ತು ಕರುಳಿನ ಒಳಪದರದ ಜೀವಕೋಶಗಳಿಗೆ ಆಹಾರ. ಜೊತೆಗೆ ಮಲದ ಗಾತ್ರ ಹೆಚ್ಚಿ, ಅದು ಬೇಗ ಹೊರಟುಹೋಗುತ್ತದೆ. ಅದರಲ್ಲಿರುವ ಹಾನಿಕಾರಕಗಳು ಕರುಳಿನ ಗೋಡೆಗೆ ತಾಗಿಕೊಂಡಿರುವ ಹೊತ್ತು ಕಡಿಮೆಯಾಗುತ್ತದೆ.

ಇಷ್ಟನ್ನು ಓದಿದ ಮೇಲೆ ಇನ್ನೊಬ್ಬ ನೆಂಟರು ತಂದುಕೊಟ್ಟ ಡಬ್ಬಿಯನ್ನು ಕಪಾಟಿನ ಹಿಂದೆ ತಳ್ಳಿದೆ. ಹತ್ತು ತರಕಾರಿಗಳ ಸಾರವನ್ನು ಒಂದು ಮಾತ್ರೆಯಲ್ಲಿ ತುಂಬಿದ್ದೇವೆ ಎಂದು ಅದರ ಮೇಲೆ ಬರೆದಿತ್ತು. ಫಿನ್ಲೆಂಡಿನಲ್ಲಿ 29 ಸಾವಿರಕ್ಕೂ ಹೆಚ್ಚು ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಹೊರಬಿತ್ತು. ಕ್ಯಾರೆಟ್ಟಿಗೆ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್ ಅನ್ನು ಮಾತ್ರೆಯಾಗಿ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇಳಿಯುವ ಬದಲು ಶೇ. 18ರಷ್ಟು ಏರಿತ್ತು. ಪಲ್ಯಕ್ಕೆ ಹೆಚ್ಚುವ ಕ್ಯಾರೆಟ್ಟಿನಿಂದ ಹಾಗಾಗುವುದಿಲ್ಲ. ಅದರಲ್ಲಿ ಇನ್ನೇನೇನು ಇದೆಯೋ, ಯಾವುದು ಯಾವುದರ ಜೊತೆ ಸೇರಿ ಕೆಲಸ ಮಾಡುತ್ತದೆಯೋ, ಅದನ್ನು ಬಿಡಿಸಿ ಮಾತ್ರೆಗೆ ತುಂಬುವುದು ಇನ್ನೂ ಯಾರಿಗೂ ಸಾಧ್ಯವಾಗಿಲ್ಲ. (ತಂಬಾಕು ಜಗಿಯುತ್ತ, ಸೇದುತ್ತ, ಸೊಪ್ಪು ತಿಂದರೆ ಸಾಕು ಎಂದುಕೊಳ್ಳುವವರಿಗೂ ಒಂದು ಮಾತು. ನಮ್ಮ ದೇಶದಲ್ಲಿ ತಂಬಾಕು ತರುವಷ್ಟು ಕ್ಯಾನ್ಸರನ್ನು ಊಟದ ಯಾವ ದೋಷವೂ ತರುವುದಿಲ್ಲ. ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತೀರ್ಮಾನಿಸಿ ಎರಡು ದಶಕ ಕಳೆದಿದೆ.)

ಸಸ್ಯಾಹಾರ ಎಂಬ ಹೆಸರು

ಅದೇ ಸಂಸ್ಥೆ 2015ರಲ್ಲಿ ಸಂಸ್ಕರಿತ ಮಾಂಸವನ್ನು ಕ್ಯಾನ್ಸರ್‌ಕಾರಕ ಎಂದೂ ಕೆಂಪು ಮಾಂಸವನ್ನು ಬಹುಶಃ ಕ್ಯಾನ್ಸರ್‌ಕಾರಕ ಎಂದೂ ಘೋಷಿಸಿತು. ಅಂದು ನಮ್ಮ ಮನೆಯಲ್ಲಿ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹೇಳಿದವರು ಅಪ್ಪ. ನಾವು ಪಾರಾದೆವು ಎಂಬ ನೆಮ್ಮದಿ ಅವರ ದನಿಯಲ್ಲಿತ್ತು. ಆ ನೆಮ್ಮದಿ ಅರ್ಧ ಸತ್ಯ ಎಂದು ನನಗೆ ಮನವರಿಕೆಯಾದದ್ದು ಎರಡು ಅಧ್ಯಯನಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿದಾಗ. ಬ್ರಿಟನ್ನಿನಲ್ಲಿ ನಡೆದ ಎಪಿಕ್ ಆಕ್ಸ್‌ಫರ್ಡ್ ಅಧ್ಯಯನದ 2009ರ ವರದಿಯಲ್ಲಿ ಸಸ್ಯಾಹಾರಿಗಳಿಗೆ ಒಟ್ಟಾರೆ ಕ್ಯಾನ್ಸರ್ ಕಡಿಮೆ, ಆದರೆ ದೊಡ್ಡ ಕರುಳಿನ ಕ್ಯಾನ್ಸರ್ ಮಾತ್ರ ಮಾಂಸ ತಿನ್ನುವವರಿಗಿಂತ ಹೆಚ್ಚು. ಅಮೆರಿಕ, ಕೆನಡಾಗಳ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಥದ 77 ಸಾವಿರಕ್ಕೂ ಹೆಚ್ಚು ಜನರ ಅಧ್ಯಯನದಲ್ಲಿ, 2015ರಲ್ಲಿ, ಇದಕ್ಕೆ ತದ್ವಿರುದ್ಧ: ಅಲ್ಲಿನ ಸಸ್ಯಾಹಾರಿಗಳಿಗೆ ಕರುಳಿನ ಕ್ಯಾನ್ಸರ್ ಶೇ. 22ರಷ್ಟು ಕಡಿಮೆ. ಇಬ್ಬರಿಗೂ ಹೆಸರು ಒಂದೇ, ಸಸ್ಯಾಹಾರಿ. ಮಾಂಸವನ್ನು ತಟ್ಟೆಯಿಂದ ತೆಗೆದ ಜಾಗದಲ್ಲಿ ಏನನ್ನು ಇಟ್ಟುಕೊಂಡರು ಎಂಬುದನ್ನು ಆ ಹೆಸರು ಹೇಳುವುದಿಲ್ಲ. ಕಾಳು, ಸೊಪ್ಪು, ಇಡಿ ಧಾನ್ಯವಿದ್ದರೂ ಸಸ್ಯಾಹಾರವೇ, ಬ್ರೆಡ್ಡು, ಚೀಸು, ಸಿಹಿತಿಂಡಿಯಿದ್ದರೂ ಸಸ್ಯಾಹಾರವೇ. ಅಧ್ಯಯನಗಳ ನಡುವಿನ ವ್ಯತ್ಯಾಸಕ್ಕೆ ಬೇರೆ ಕಾರಣಗಳೂ ಇರಬಹುದು. ಆದರೆ ನಮ್ಮ ಮನೆಯನ್ನು ನೋಡಿಕೊಂಡಾಗ ನನಗೆ ಈ ಕಾರಣವೇ ಎದ್ದು ಕಾಣುತ್ತದೆ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ, ನಡುವೆ ಕೋಡುಬಳೆ. ಇದರಲ್ಲಿ ಮಾಂಸವಿಲ್ಲ ನಿಜ, ಗಿಡದ ಹಸಿರೂ ಇಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯಲ್ಲಿ ಒಬ್ಬರಿಗೆ ದಿನಕ್ಕೆ 400 ಗ್ರಾಂ ತರಕಾರಿ ಸೊಪ್ಪು, 100 ಗ್ರಾಂ ಹಣ್ಣು ಎಂದಿದೆ. ವಿಶ್ವ ಆರೋಗ್ಯ ಸಂಸ್ಥೆ ಹಣ್ಣು ತರಕಾರಿ ಎರಡೂ ಸೇರಿ ಕನಿಷ್ಠ 400 ಗ್ರಾಂ ಎನ್ನುತ್ತದೆ, ಆಲೂಗಡ್ಡೆಯನ್ನು ಆ ಲೆಕ್ಕಕ್ಕೆ ಸೇರಿಸುವುದಿಲ್ಲ. ಇದನ್ನು ಓದಿದ ಭಾನುವಾರ ನಾನು ಚಕ್ಕುಲಿ ಹಿಟ್ಟು ತೂಗಲು ತಂದಿದ್ದ ಸಣ್ಣ ತಕ್ಕಡಿಯನ್ನು ಅಡುಗೆಕಟ್ಟೆಯ ಮೇಲಿಟ್ಟುಕೊಂಡೆ. ಹೆಂಡತಿ ಪಲ್ಯಕ್ಕೆಂದು ಬಿಡಿಸಿದ ಹುರುಳಿಕಾಯಿ 280 ಗ್ರಾಂ. ಹುಳಿಗೆ ಎರಡು ನುಗ್ಗೆಕಾಯಿ, ಒಂದು ಟೊಮೆಟೊ, ಸೇರಿ 190. ಊಟಕ್ಕೆ ಇದ್ದವರು ಐದು ಜನ. ಸಮನಾಗಿ ಹಂಚಿದರೆ ಒಬ್ಬರಿಗೆ 94 ಗ್ರಾಂ. ಸಮನಾಗಿ ಹಂಚುವ ಪದ್ಧತಿ ನಮ್ಮಲ್ಲಿ ಇಲ್ಲ ಎಂಬುದು ಬೇರೆ ಮಾತು. ಐದು ಜನಕ್ಕೆ 400 ಗ್ರಾಮಿನಂತೆ ಬೇಕಾದದ್ದು ಎರಡು ಕಿಲೊ. ಎರಡು ಕಿಲೊ ತರಕಾರಿಯನ್ನು ಒಟ್ಟಿಗೆ ಮೇಜಿನ ಮೇಲೆ ಇಟ್ಟು ನೋಡಿ. ನಮ್ಮಲ್ಲಿ ಅಷ್ಟು ತರಕಾರಿ ಹೆಚ್ಚುವುದು ಮನೆಯಲ್ಲಿ ಶ್ರಾದ್ಧವೋ ಸತ್ಯನಾರಾಯಣ ಪೂಜೆಯೋ ಇದ್ದಾಗ. ತೂಕ ಬರೆದಿಟ್ಟ ಆ ಚೀಟಿಯನ್ನು ನಾನು ಎಸೆದಿಲ್ಲ.

ರಾಗಿಯ ಊರು

ನಾರಿನ ಮಾತನ್ನು ಲೋಕದ ಮುಂದೆ ಗಟ್ಟಿಯಾಗಿ ಇಟ್ಟವರು ಡೆನಿಸ್ ಬರ್ಕಿಟ್ ಎಂಬ ಐರಿಷ್ ಶಸ್ತ್ರವೈದ್ಯ. 1940ರ ದಶಕದಿಂದ 1960ರ ದಶಕದವರೆಗೆ ಉಗಾಂಡದಲ್ಲಿ ಕೆಲಸ ಮಾಡಿದವರು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ದಿನಬೆಳಗಾದರೆ ಕಾಣುವ ಕರುಳಿನ ಕ್ಯಾನ್ಸರ್ ಆಫ್ರಿಕದ ಹಳ್ಳಿಗರಲ್ಲಿ ಏಕೆ ಇಷ್ಟು ಅಪರೂಪ ಎಂದು ಅವರು ಯೋಚಿಸಿದರು. ಉಂಡದ್ದು ಹೊರಬರಲು ಎಷ್ಟು ಹೊತ್ತು ಬೇಕು, ಮಲದ ತೂಕವೆಷ್ಟು ಎಂದು ಸಹೋದ್ಯೋಗಿಗಳೊಂದಿಗೆ ಅಳೆದು ನೋಡಿದರು. ಹಳ್ಳಿಗರಲ್ಲಿ ಸುಮಾರು ಒಂದೂವರೆ ದಿನ, ಬ್ರಿಟಿಷರಲ್ಲಿ ಮೂರು ದಿನಕ್ಕೂ ಮಿಕ್ಕಿ. ಅವರ ಎಲ್ಲ ತೀರ್ಮಾನಗಳೂ ಇಂದು ಹಾಗೆಯೇ ನಿಂತಿಲ್ಲ, ಆದರೆ ಅವರು ಬೆರಳಿಟ್ಟ ಜಾಗ ಸರಿಯಿತ್ತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಉಗಾಂಡ ಎಂಬ ಹೆಸರು. ರಾಗಿಯ ಮೂಲ ನೆಲ ಇಥಿಯೋಪಿಯದಿಂದ ಉಗಾಂಡದವರೆಗಿನ ಎತ್ತರದ ಸೀಮೆ. ಅಲ್ಲಿ ಹಲವು ಕಡೆ ಇಂದಿಗೂ ರಾಗಿಹಿಟ್ಟನ್ನು ತೊಳಸಿ ಮುದ್ದೆಯಂತೆ ಉಣ್ಣುತ್ತಾರೆ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಹೊರಟ ಕಾಳು ನಮ್ಮ ತುಮಕೂರು ಸೀಮೆಯ ಕೆಂಪು ಮಣ್ಣಿಗೆ ಹೀಗೆ ಒಗ್ಗಿಕೊಂಡಿತು ಎಂದರೆ ಅದು ಹೊರಗಿನದು ಎಂದು ಹೇಳಿದರೆ ನಮ್ಮ ಊರಿನವರು ನಂಬುವುದಿಲ್ಲ. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ವಿಜ್ಞಾನಿ ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಂದಿಗೆ ಮತ್ತೆ ಕೂಡಿಸಿ ಇಂಡಾಫ್ ತಳಿಗಳನ್ನು ರೂಪಿಸಿದರು. ಆ ಹೆಸರಿನಲ್ಲಿಯೇ ಇಂಡಿಯಾ ಇದೆ, ಆಫ್ರಿಕ ಇದೆ. ನೂರು ಗ್ರಾಂ ರಾಗಿಯಲ್ಲಿ 11 ಗ್ರಾಮಿನಷ್ಟು ನಾರಿದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ನಮ್ಮ ಅಜ್ಜನ ಕಾಲದಲ್ಲಿ ಮನೆಯಲ್ಲಿ ಮುದ್ದೆ ದಿನವೂ ಇತ್ತು. ಅಪ್ಪನಿಗೆ ಸರ್ಕಾರಿ ಕೆಲಸ ಸಿಕ್ಕಿ ಪೇಟೆಗೆ ಬಂದ ಮೇಲೆ ಅನ್ನ ಬಂತು. ಅನ್ನ ಉಣ್ಣುವುದು ಏಳಿಗೆಯ ಗುರುತಾಗಿತ್ತು. ಬಂದ ನೆಂಟರಿಗೆ ಮುದ್ದೆ ಬಡಿಸಲು ಅಮ್ಮ ಸಂಕೋಚಪಡುತ್ತಿದ್ದದ್ದು ನನಗೆ ನೆನಪಿದೆ.

ಬೆರಕೆ ಸೊಪ್ಪು

ಬೇಸಿಗೆ ರಜೆಗೆ ಹೋದ ನಾವು ಮಳೆ ಬೀಳುವವರೆಗೂ ಊರಿನಲ್ಲಿಯೇ ಉಳಿದ ಒಂದು ವರ್ಷ. ತುರುವೇಕೆರೆ ಕಡೆಯ ಹಳ್ಳಿ. ಮುಂಗಾರಿನ ಮೊದಲ ಮಳೆಗಳಾಗಿ ಹೊಲದ ಬದುವಿನಲ್ಲಿ ಹಸಿರು ಏಳುತ್ತಿತ್ತು. ಪಕ್ಕದ ಮನೆಯ ಅಜ್ಜಿ ಕಳೆ ತೆಗೆದು ಹಿಂತಿರುಗುವಾಗ ಮಡಿಲು ತುಂಬ ಸೊಪ್ಪು ತರುತ್ತಿದ್ದರು. ಜಗಲಿಯ ಮೇಲೆ ಸುರಿದರೆ ಅದೊಂದು ಸಣ್ಣ ಗುಡ್ಡೆ. ನಾನು ಪಕ್ಕದಲ್ಲಿ ಕುಳಿತು ಹೆಸರು ಕೇಳುತ್ತಿದ್ದೆ. ಅಣ್ಣೆ, ಗಣಿಕೆ, ಹೊನಗನ್ನೆ, ಗೋಣಿ, ಮುಳ್ಳುದಂಟಿನ ಎಳೆಕುಡಿ. ಬಿತ್ತಿದ್ದು ಯಾವುದೂ ಅಲ್ಲ. ಒಂದೊಂದನ್ನೂ ನನ್ನ ಮೂಗಿನ ಹತ್ತಿರ ಹಿಡಿದು, "ಇದನ್ನು ಒಂದೇ ಮಾಡಿದರೆ ಕಹಿ ಅಪ್ಪಾ, ಎಲ್ಲ ಬೆರೆತರೆ ರುಚಿ" ಎನ್ನುತ್ತಿದ್ದರು. ಯಾವುದನ್ನು ಬಿಡಬೇಕು ಎಂಬುದೂ ಅವರ ಬೆರಳಿಗೆ ಗೊತ್ತಿತ್ತು. ನೋಡಲು ಒಂದೇ ತರಹದ ಎರಡು ಎಲೆಗಳಲ್ಲಿ ಒಂದು ಮೊರಕ್ಕೆ, ಒಂದು ಎಮ್ಮೆಗೆ ಹೋಗುತ್ತಿತ್ತು. ಸೊಪ್ಪನ್ನೂ ಹುರುಳಿಕಾಳನ್ನೂ ಬೇಯಿಸಿ, ನೀರು ಬಸಿದು, ಆ ಕಟ್ಟಿನಲ್ಲಿ ಬಸ್ಸಾರು, ಬೆಂದ ಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ. ಒಂದು ಮುದ್ದೆಗೆ ಮುದ್ದೆಯಷ್ಟೇ ಪಲ್ಯ. ನಮ್ಮ ಮನೆಯಲ್ಲಿ ಪಲ್ಯ ಎಂದರೆ ಎಲೆಯ ಮೂಲೆಯಲ್ಲಿ ಒಂದು ಚಮಚ. ಅಷ್ಟು ಸೊಪ್ಪನ್ನು ಒಂದೇ ತಟ್ಟೆಯಲ್ಲಿ ನಾನು ಮೊದಲ ಬಾರಿ ನೋಡಿದ್ದು ಅವರ ಮನೆಯಲ್ಲಿ. ಅವರು ಮಾಂಸ ತಿನ್ನುವವರು. ಹೊಸತೊಡಕಿಗೆ, ಮಾರಿಹಬ್ಬಕ್ಕೆ, ಅಳಿಯ ಬಂದಾಗ ಕೋಳಿಯೋ ಕುರಿಯೋ. ಉಳಿದ ದಿನಗಳೆಲ್ಲ ಸೊಪ್ಪು, ಕಾಳು, ರಾಗಿ. ವರ್ಷದ ಲೆಕ್ಕ ಹಾಕಿದರೆ ಅವರು ನಮಗಿಂತ ಎಷ್ಟೋ ಪಾಲು ಹೆಚ್ಚು ಗಿಡವನ್ನು ತಿನ್ನುತ್ತಿದ್ದರು. ಅಲ್ಲಿ ಉಂಡುಬಂದದ್ದನ್ನು ನಾನು ಮನೆಯಲ್ಲಿ ಹೇಳುವಂತಿರಲಿಲ್ಲ. ಅದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಹೋದ ವರ್ಷ ಊರಿಗೆ ಹೋದಾಗ ಆ ಹೊಲದ ಬದುವಿನಲ್ಲಿ ನಡೆದೆ. ಹೊಲದ ಅರ್ಧ ಅಡಿಕೆ ತೋಟವಾಗಿದೆ. ಉಳಿದರ್ಧಕ್ಕೆ ಕಳೆನಾಶಕ ಹೊಡೆಯುತ್ತಾರೆ, ಕಳೆ ಕೀಳಲು ಆಳು ಸಿಗುವುದಿಲ್ಲ. ಆಳಿನ ಕಷ್ಟ ನಿಜ, ರೈತನನ್ನು ದೂರಲಾರೆ. ಆದರೆ ಕಳೆ ಎಂದು ಕರೆದದ್ದರಲ್ಲಿ ಒಂದು ಊರಿನ ಪಲ್ಯವೇ ಇತ್ತು. ಅಜ್ಜಿ ಈಗಿಲ್ಲ. ಅವರ ಮೊಮ್ಮಗನ ಹೆಂಡತಿಯನ್ನು ಬೆರಕೆ ಸೊಪ್ಪಿನ ಬಗ್ಗೆ ಕೇಳಿದೆ. "ಗುರುತು ಸಿಗುವುದಿಲ್ಲ ಅಣ್ಣ, ಪೇಟೆಯಿಂದ ಪಾಲಕ್ ತರುತ್ತೇವೆ" ಎಂದಳು.

ಅಮ್ಮನಿಗೆ ಈಗ ಎಪ್ಪತ್ತೊಂದು. ಶಸ್ತ್ರಚಿಕಿತ್ಸೆಯಾದ ಮೊದಲ ವಾರಗಳಲ್ಲಿ ನಾರು ಕೊಡಬೇಡಿ ಎಂದಿದ್ದರು, ಮೆತ್ತನೆಯ ಅನ್ನ, ಬೇಳೆಕಟ್ಟು. ಆಮೇಲೆ ಒಂದೊಂದೇ ತರಕಾರಿ, ಚೆನ್ನಾಗಿ ಬೇಯಿಸಿ. ಕೊಲೊನೊಸ್ಕೊಪಿಗೆ ಕರೆದೊಯ್ಯುವ ತಿಂಗಳು ಬಂದರೆ ಮನೆಯಲ್ಲಿ ಯಾರೂ ಜೋರಾಗಿ ಮಾತನಾಡುವುದಿಲ್ಲ. ಇದುವರೆಗೆ ಎಲ್ಲವೂ ಸರಿಯಿದೆ. ಅದು ಸೊಪ್ಪಿನಿಂದ ಎಂದು ನಾನು ಹೇಳುವುದಿಲ್ಲ, ಅದು ಶಸ್ತ್ರವೈದ್ಯರ ಕೈಚಳಕದಿಂದ, ಎರಡನೆಯ ವೈದ್ಯರು ಕೇಳಿದ ಒಂದು ಪ್ರಶ್ನೆಯಿಂದ. ಸೊಪ್ಪು ತರುವುದು ಮುಂದಿನವರಿಗಾಗಿ, ನನ್ನ ಮಗಳಿಗಾಗಿ, ನನಗಾಗಿ, ಅಮ್ಮನಿಗೆ ಮತ್ತೆ ಬಾರದಿರಲಿ ಎಂಬ ಆಸೆಗಾಗಿ. ರಾತ್ರಿ ಅನ್ನದ ಜಾಗಕ್ಕೆ ಮುದ್ದೆ ಬಂದಿದೆ. ಅಪ್ಪ ಮೊದಮೊದಲು ಮುಖ ಸಿಂಡರಿಸುತ್ತಿದ್ದರು. ಈಗ ಕೋಸಂಬರಿಯನ್ನು ಅವರೇ ಕಲಸುತ್ತಾರೆ, ಸೌತೆಕಾಯಿ ಹೆಚ್ಚುವುದನ್ನು ಎಪ್ಪತ್ತೈದರಲ್ಲಿ ಕಲಿತರು.

ಕಳೆದ ತಿಂಗಳು ಅಮ್ಮನೊಂದಿಗೆ ಸಂತೆಗೆ ಹೋಗಿದ್ದೆ. ಮೂಲೆಯಲ್ಲಿ ಗೋಣಿಚೀಲ ಹಾಸಿ ಕುಳಿತಿದ್ದ ಹೆಂಗಸೊಬ್ಬರ ಮುಂದೆ ದಂಟು, ಸಬ್ಬಸಿಗೆ, ಮೆಂತ್ಯದ ನಡುವೆ ಬಾಡಿದ ಎರಡು ಕಟ್ಟು ಇತ್ತು. ಅಮ್ಮ ಬಗ್ಗಿ ಒಂದು ಎಲೆ ಮುರಿದು, "ಅಣ್ಣೆ ಸೊಪ್ಪಲ್ಲವೇ?" ಎಂದರು. ಎರಡನ್ನೂ ತಂದೆವು. ಹುರುಳಿಕಾಳು ಹಾಕಿ ಅಮ್ಮನೇ ಬೇಯಿಸಿದರು. ಊಟಕ್ಕೆ ಕುಳಿತಾಗ ಅಭ್ಯಾಸಬಲದಿಂದ ಸೌಟು ಹಿಡಿದು ಎದ್ದರು. ನನ್ನ ಮಗಳು, "ಅಜ್ಜಿ, ನೀವು ಕೂತುಕೊಳ್ಳಿ" ಎಂದು ಸೌಟು ಕಸಿದುಕೊಂಡು, ಮೊದಲು ಅವರ ತಟ್ಟೆಗೆ ಬಡಿಸಿದಳು. ಸಾಕು ಸಾಕು ಎಂದು ಅಮ್ಮ ಕೈ ಅಡ್ಡ ಹಿಡಿದರು, ಅವಳು ಕೇಳಲಿಲ್ಲ. ಉಣ್ಣುತ್ತ ಅಮ್ಮ ಏನೂ ಮಾತನಾಡಲಿಲ್ಲ. ತಟ್ಟೆಯಲ್ಲಿನ ಪಲ್ಯ ಮುಗಿದ ಮೇಲೆ ಪಾತ್ರೆಯ ಕಡೆ ನೋಡಿ, "ಇನ್ನೂ ಇದೆಯೇನೇ?" ಎಂದು ಕೇಳಿದರು. ಮಗಳು ತಳ ಕೆರೆದು ಇದ್ದಷ್ಟನ್ನೂ ಅವರಿಗೆ ಹಾಕಿದಳು. ನಾನು ಆ ದಿನ ಮಜ್ಜಿಗೆ ಅನ್ನಕ್ಕೆ ಉಪ್ಪಿನಕಾಯಿ ನೆಂಚಿಕೊಂಡೆ.